ಎತ್ತುವ ಕೈ, ಕಾಯುವ ಕಣ್ಣು

ಆಸ್ಪತ್ರೆಗಳ ಹೊದಿಕೆ, ಹೋಟೆಲುಗಳ ಹಾಸುಬಟ್ಟೆ ಒಗೆದು ಕಳಿಸುವ ಒಂದು ದೊಡ್ಡ ಲಾಂಡ್ರಿ. ಅಲ್ಲಿ ಬಿಸಿ ಇಸ್ತ್ರಿಯ ಮುಂದೆ ನಿಂತು ನಿಂತೇ ಆ ಹೆಂಗಸಿಗೆ ಇಸ್ತ್ರಿಯಕ್ಕ ಎಂಬ ಹೆಸರು ಬಿದ್ದಿತ್ತು. ದಿನವಿಡೀ ಅವಳದು ಎತ್ತುವ ಕೆಲಸ. ಇಲ್ಲಿ ಬಟ್ಟೆಯ ಬುಟ್ಟಿ ಎತ್ತಬೇಕು; ಮನೆಗೆ ಹೋದರೆ ಕೂತಲ್ಲೇ ನಿದ್ದೆಹೋದ ಮಗಳನ್ನು ಎತ್ತಬೇಕು, ಸೊಂಟ ಹಿಡಿದ ಅತ್ತೆಯನ್ನು ಎತ್ತಿ ಕೂರಿಸಬೇಕು.

ಲಾಂಡ್ರಿಯ ಹೆಂಗಸರದೊಂದು ವಾಲಿಬಾಲ್ ತಂಡವಿತ್ತು. ಒಂದು ಪಂದ್ಯದಲ್ಲಿ ಎದುರು ತಂಡವನ್ನು ಹುರಿದುಂಬಿಸಲು ಚಿಯರ್‌ಲೀಡಿಂಗ್ ಹುಡುಗಿಯರು ಬಂದಿದ್ದರು. ಕೂಗು, ಚಪ್ಪಾಳೆ, ಕುಣಿತ. ನೋಡನೋಡುತ್ತಲೇ ಇಬ್ಬರು ಸೇರಿ ಮೂರನೆಯವಳನ್ನು ಅಂಗೈಗಳ ಮೇಲೆ ನಿಲ್ಲಿಸಿ ತಲೆಗಿಂತ ಮೇಲಕ್ಕೆ ಎತ್ತಿಬಿಟ್ಟರು. ಆ ಹುಡುಗಿ ಎರಡೂ ತೋಳು ಚಾಚಿ ನಕ್ಕಳು. ಇಸ್ತ್ರಿಯಕ್ಕ ಕತ್ತೆತ್ತಿ ನೋಡುತ್ತಲೇ ಇದ್ದಳು. ಅಪ್ಪ ಹೆಗಲ ಮೇಲೆ ಕೂರಿಸಿಕೊಳ್ಳುವುದನ್ನು ಬಿಟ್ಟ ಮೇಲೆ ತನ್ನನ್ನು ಯಾರೂ ಎತ್ತಿಲ್ಲ ಎಂದು ಅವಳಿಗೆ ಆಗ ಹೊಳೆಯಿತು.

"ನಂಗೂ ಒಂದ್ಸಲ ಹಾಗೆ ನಿಲ್ಬೇಕು ಕಣೇ," ಎಂದಳು ಪಕ್ಕದ ಗೆಳತಿಗೆ.

ಒದ್ದೆ ಬಟ್ಟೆ ಹಿಂಡುವ ಆ ಗೆಳತಿಯನ್ನು ಎಲ್ಲರೂ ಗಟ್ಟಿಗಿತ್ತಿ ಎನ್ನುತ್ತಿದ್ದರು. "ನಿನ್ನ ಎತ್ತೋಕೆ ಕ್ರೇನೇ ತರಿಸ್ಬೇಕು!" ಎಂದು ನಕ್ಕಳು. ಆದರೆ ಮರುದಿನ ಊಟದ ಬಿಡುವಿನಲ್ಲಿ ತೋಳೇರಿಸಿ ಬಂದವಳು ಅವಳೇ. ಬಟ್ಟೆ ಮಡಿಸುವವಳೂ ಜೊತೆಗೂಡಿದಳು. ಮೊಬೈಲ್‌ನಲ್ಲಿ ವಿಡಿಯೊ ನೋಡಿದರು, ಒದ್ದೆ ನೆಲದ ಮೇಲೆಯೇ ಶುರುಮಾಡಿದರು. ಇಸ್ತ್ರಿಯಕ್ಕ ಅವರ ಕೈಗಳ ಮೇಲೆ ಕಾಲಿಟ್ಟು ಇನ್ನೇನು ನೆಟ್ಟಗಾಗಬೇಕು, ಗಟ್ಟಿಗಿತ್ತಿಯ ಚಪ್ಪಲಿ ಜಾರಿತು. ಮೂವರೂ ದುಡುಮ್ಮನೆ ಬಿದ್ದರು. ಗಟ್ಟಿಗಿತ್ತಿಯ ಮಣಿಕಟ್ಟು ಉಳುಕಿತು. ಇಸ್ತ್ರಿಯಕ್ಕನ ತಲೆ ಮೇಜಿನ ಕಬ್ಬಿಣದ ಅಂಚಿಗೆ ತಾಗದೆ ಉಳಿದದ್ದು ಕೂದಲೆಳೆಯಲ್ಲಿ.

ಅವಳ ಗಂಡ ಬಸ್ ಚಾಲಕ. ತರಚಿದ ಮೊಣಕೈ ನೋಡಿ ಕೆಂಡವಾದ. "ಈ ವಯಸ್ಸಲ್ಲಿ ನಿಂಗ್ಯಾಕೆ ಮಂಗನಾಟ? ಕೈಕಾಲು ಮುರ್ಕೊಂಡ್ರೆ ಮನೆ ನೋಡೋರ್ಯಾರು?"

"ಎಲ್ಲರನ್ನೂ ನಾನೇ ಎತ್ತುತೀನಿ. ನಂಗೆ ಆಸೆ ಇರಬಾರ್ದಾ?" ಎಂದಳು ಅವಳು.

ಗಟ್ಟಿಗಿತ್ತಿಯ ಕೈ ವಾಸಿಯಾದ ಮೇಲೆ ಮೂವರೂ ಹತ್ತಿರದ ಕ್ರೀಡಾಮಂದಿರಕ್ಕೆ ಹೋದರು. ಗಂಡ ಜಗಳವಾಡಲೆಂದೇ ಹಿಂದೆ ಬಂದ.

"ಇದೆಲ್ಲ ಅಪಾಯ ಅಲ್ವೇನಮ್ಮಾ?" ಎಂದು ಅಲ್ಲಿ ಚಿಯರ್‌ಲೀಡಿಂಗ್ ಕಲಿಸುವ ಕೋಚಮ್ಮನನ್ನು ಕೇಳಿದ.

"ಹೌದಣ್ಣ, ಅಪಾಯಾನೇ," ಎಂದಳು ಅವಳು. "ನಿಮ್ಮ ಬಸ್ಸೂ ಅಪಾಯಾನೇ. ಕಲೀದೆ ಓಡಿಸಿದ್ರಾ?"

ಅವನು ಮೀಸೆ ಸವರಿಕೊಂಡು ಬೆಂಚಿನ ಮೇಲೆ ಕೂತ.

ಕೋಚಮ್ಮ ಮೊದಲು ಬಳೆ, ಓಲೆ, ಸರ ತೆಗೆಸಿದಳು. ಕೂದಲು ಬಿಗಿದು ಕಟ್ಟಿಸಿದಳು, ಜಾರದ ಶೂ ಹಾಕಿಸಿದಳು, ಮೈ ಬಿಸಿಯಾಗುವಷ್ಟು ವ್ಯಾಯಾಮ ಮಾಡಿಸಿದಳು. ದಪ್ಪ ಮ್ಯಾಟ್ ಹಾಸಿಯೇ ಪಾಠ. ಎಷ್ಟೋ ವಾರ ನೆಲದ ಮೇಲೆಯೇ ಕಳೆಯಿತು. ಎತ್ತುವವರು ಬೆನ್ನು ಬಗ್ಗಿಸದೆ ಕಾಲಿನ ಬಲದಿಂದ ಎತ್ತಬೇಕು, ಮೇಲಿರುವವಳ ಮೇಲಿಂದ ಕಣ್ಣು ತೆಗೆಯಬಾರದು. ಮೇಲಿರುವವಳು ಮೈ ಬಿಗಿಹಿಡಿದು ನೆಟ್ಟಗಿರಬೇಕು.

"ಹಿಂದೆ ಒಬ್ರು ಕಾವಲು ಇರ್ಲೇಬೇಕು," ಎಂದಳು ಕೋಚಮ್ಮ. "ಬಿದ್ರೆ ತಲೆ, ಕುತ್ತಿಗೆ ಕಾಯೋದು ಅವರ ಕೆಲಸ. ಯಾರಿಗೇ ಹೆದರಿಕೆ ಆಗ್ಲಿ, 'ಇಳಿಸಿ' ಅಂದ್ರೆ ಮುಗೀತು. ಯಾಕೆ ಅಂತ ಆಮೇಲೆ ಕೇಳಿ."

ಎತ್ತಲು ಇನ್ನೊಬ್ಬ ಗೆಳತಿ ಬಂದಳು. ಮಡಿಸುವವಳು ಕಾವಲಿಗೆ ನಿಂತಳು. ಇಸ್ತ್ರಿಯಕ್ಕ ಮೊದಲು ಅವರ ತೊಡೆಯ ಮೇಲೆ ನಿಲ್ಲುವುದನ್ನು ಕಲಿತಳು, ಆಮೇಲೆ ಭುಜದೆತ್ತರ. ತಲೆಯ ಮೇಲಿನ ಎತ್ತರ ಇನ್ನೂ ದೂರವಿತ್ತು. ಮನೆಯಲ್ಲಿ ಪಾತ್ರೆ ತೊಳೆಯುತ್ತ ಸುಮ್ಮನೆ ಸೂರು ನೋಡುತ್ತಿದ್ದಳು.

ಲಾಂಡ್ರಿ ತಂಡದ ಮುಂದಿನ ಪಂದ್ಯ ಬಂತು; ಈ ಸಲ ಹುರಿದುಂಬಿಸುವವರು ಇಸ್ತ್ರಿಯಕ್ಕನ ಗುಂಪೇ. ಭುಜದೆತ್ತರಕ್ಕೆ ಏರುವುದು ಅಂದಿನ ಲೆಕ್ಕ. ಗಂಡ, ಮಗಳು, ಲಾಂಡ್ರಿಯವರೆಲ್ಲ ಬಂದಿದ್ದರು. ಅಷ್ಟರಲ್ಲಿ ಮಡಿಸುವವಳಿಗೆ ಜ್ವರ ಎಂದು ಸುದ್ದಿ ಬಂತು. ಕೋಚಮ್ಮ ಏನೂ ಹೇಳುವ ಮೊದಲೇ ಗಟ್ಟಿಗಿತ್ತಿ ಪಿಸುಗುಟ್ಟಿದಳು: "ಒಂದೇ ಸಲ ತಾನೇ? ನಾನಿದ್ದೀನಿ, ಬಾ."

ಜನ ಕೂಗುತ್ತಿದ್ದರು. ಇಸ್ತ್ರಿಯಕ್ಕನ ಕಾಲು ತಾನಾಗಿ ಎದ್ದಿತು. ಅವಳು ಒಮ್ಮೆ ಮೇಲೆ ನೋಡಿದಳು. ಕಣ್ಣು ತುಂಬಿ ಬಂತು.

"ಬೇಡ ಕಣೇ. ಹಿಂದೆ ಯಾರೂ ಇಲ್ಲ."

ಕೋಚಮ್ಮ ಅವಳ ಬೆನ್ನು ತಟ್ಟಿ, ಜೊತೆಯಲ್ಲಿ ಅಭ್ಯಾಸ ಮಾಡಿದ ಕಾವಲಿಲ್ಲದೆ ಭುಜದೆತ್ತರ ಬೇಡವೆಂದು, ತಾನೇ ಹಿಂದೆ ನಿಂತು, ತೊಡೆಯ ಮೇಲಿನ ನಿಲುವೊಂದನ್ನೇ ಮಾಡಿಸಿದಳು. ಇಸ್ತ್ರಿಯಕ್ಕ ತೋಳು ಚಾಚಿದಳು. ಜನ ಚಪ್ಪಾಳೆ ತಟ್ಟಿದರು, ಆದರೆ ಸ್ವಲ್ಪವೇ.

ಇಳಿದು ಬಂದವಳ ಎದುರು ಗಂಡ ನಿಂತಿದ್ದ.

"ಏರ್ಬಹುದಿತ್ತು. ಯಾಕೆ ಏರಲಿಲ್ಲ?"

"ಏರೋ ಆಸೆ ಇತ್ತು. ಬೀಳೋ ಆಸೆ ಇರಲಿಲ್ಲ."

ಅವನು ಕೋಚಮ್ಮನ ಕಡೆ ತಿರುಗಿದ. "ಹಿಂದೆ ಕಾಯೋ ಕೆಲಸ ಗಂಡಸರಿಗೂ ಕಲಿಸ್ತೀರಾ? ವಾರಕ್ಕೊಂದಿನ ನಂಗೆ ರಜೆ."

"ಕಲಿಸ್ತೀನಿ. ಆದ್ರೆ ಮೊದಲು ಆ ಉಂಗುರ, ವಾಚು ತೆಗೀರಿ," ಎಂದಳು ಕೋಚಮ್ಮ.

ಅವನು ಅಲ್ಲೇ ನಿಂತು ಉಂಗುರ ಕಳಚತೊಡಗಿದ. ಬೆರಳು ದಪ್ಪ, ಬೇಗ ಬರಲಿಲ್ಲ. ಇಸ್ತ್ರಿಯಕ್ಕ ಅವನ ಕೈ ಹಿಡಿದು ತಾನೇ ಎಳೆದು ತೆಗೆದಳು.

ತಲೆಗಿಂತ ಮೇಲಿನ ಎತ್ತರಕ್ಕೆ ಅವಳು ಇನ್ನೂ ಏರಿಲ್ಲ. ಆಸೆಯೂ ಆರಿಲ್ಲ.

ಅಕ್ಕಂದಿರೇ, ತಂಗಿಯರೇ, ಅಪ್ಪ ಅಮ್ಮಂದಿರೇ, ಇಂಥ ಆಸೆ ನಿಮಗೋ ನಿಮ್ಮ ಮಕ್ಕಳಿಗೋ ಬಂದರೆ ಚಿವುಟಬೇಡಿ. ಆದರೆ ವಿಡಿಯೊ ನೋಡಿ ಅಂಗಳದಲ್ಲೋ ತಾರಸಿಯಲ್ಲೋ ಏರಲು ಹೋಗಬೇಡಿ. ಕಲಿತ ಕೋಚ್, ಮೆತ್ತನೆಯ ಮ್ಯಾಟ್, ಹಿಂದೆ ಕಾವಲು ಇದ್ದರೆ ಮಾತ್ರ ಕಾಲೆತ್ತಿ. ತಲೆಗೆ ಪೆಟ್ಟಾದರೆ ಆಟ ಅಲ್ಲಿಗೇ ನಿಲ್ಲಿಸಿ, ವೈದ್ಯರಿಗೆ ತೋರಿಸಿ. ಮತ್ತು ಯಾರಾದರೂ "ಇಳಿಸಿ" ಎಂದರೆ ನಗಬೇಡಿ, ಇಳಿಸಿ. ನಾಳೆ ಮತ್ತೆ ಏರಬಹುದು.