ಸಾಹುಕಾರರ ನೇರಳೆ ದೀಪ

ಮೊಳಕಾಲ್ಮುರಿನಲ್ಲಿ ಯಾವ ಬಣ್ಣದ ಸೀರೆ ಓಡುತ್ತಿದೆ ಎಂದು ತಿಳಿಯಲು ಅಂಗಡಿಗೆ ಹೋಗಬೇಕಾಗಿಲ್ಲ. ನಮ್ಮ ಕೇರಿಯ ಬಾವಿಯೊಳಗೆ ಬಗ್ಗಿ ನೋಡಿದರೆ ಸಾಕು. ವಿಶ್ವನಾಥ್ ಸಾಹುಕಾರರು ರೇಷ್ಮೆ ನೂಲಿಗೆ ಬಣ್ಣ ಹಾಕಿಸುವ ಶೆಡ್ಡು ಮೇಲೆ, ನಾವು ಕೆಳಗೆ; ಅಲ್ಲಿ ಚೆಲ್ಲಿದ ಬಣ್ಣದ ನೀರು ಇಳಿಯುವುದು ನಮ್ಮ ಬಾವಿಗೇ. ಎರಡು ಸಾವಿರದ ಮೂರರಲ್ಲಿ ಕೆಂಪು ಓಡಿತು. ಲಕ್ಷ್ಮಕ್ಕನ ಮೊಮ್ಮಗಳಿಗೆ ಆ ನೀರಿನಿಂದ ಮೈತುಂಬ ಕಜ್ಜಿ. ಲಕ್ಷ್ಮಕ್ಕ ಅದೇ ಶೆಡ್ಡಿನಲ್ಲಿ ನೂಲು ಅದ್ದುವವಳು, ನಾನೂ ಅಷ್ಟೇ.

ಬೇಡಿ ಬೇಡಿ ಸಾಕಾದ ಮೇಲೆ ಸರ್ಕಾರ ಸಾಹುಕಾರರಿಗೆ ಸಬ್ಸಿಡಿಯಲ್ಲಿ ಒಂದು ಯಂತ್ರ ಕೊಡಿಸಿತು. ಬಣ್ಣದ ನೀರಿಗೆ ಪೆರಾಕ್ಸೈಡ್ ಬೆರೆಸಿ, ಗಾಜಿನ ಕೊಳವೆಯೊಳಗಿನ ನೇರಳಾತೀತ ದೀಪದ ಸುತ್ತ ಹಾಯಿಸಬೇಕು. ಬೆಳಕು ಬಿದ್ದರೆ ಬಣ್ಣದ ವಿಷ ಒಡೆದುಹೋಗುತ್ತದೆ ಎಂದು ಅದನ್ನು ಕೂರಿಸಲು ಬಂದ ಮಲ್ಲಿಕ್ ಹೇಳಿದ.

ಸಾಹುಕಾರರು ದೈವಭಕ್ತರು. ಕೂಲಿ ಕೇಳಿದರೂ ದೇವರ ಕಡೆಗೇ ಕೈ ತೋರಿಸುವಷ್ಟು ಭಕ್ತರು. ಕೊಳವೆಯ ಉದ್ದಕ್ಕೂ ವಿಭೂತಿ ಎಳೆದು, ಎಣ್ಣೆಯಲ್ಲಿ ಕಲಸಿದ ಕುಂಕುಮ ಮೆತ್ತಿದರು.

"ಸಾರ್, ಗಾಜು ಮುಚ್ಚಿದ್ರೆ ಬೆಳಕು ನೀರಿಗೆ ಬೀಳಲ್ಲ," ಎಂದ ಮಲ್ಲಿಕ್.

"ಪೂಜೆ ಇಲ್ದೆ ನಮ್ಮೂರಾಗೆ ಮಗ್ಗಾನೇ ಆಡಲ್ಲ ತಮ್ಮಾ. ನೀನು ಸೈನ್ ಹಾಕಿಸ್ಕೊಂಡು ಹೊರಡು."

ಪ್ರತಿ ಸೋಮವಾರ ಕೊಳವೆ ಹೊರಗೆಳೆದು ಇನ್ನೊಂದು ಪದರ ಭಕ್ತಿ ಮೆತ್ತಿದರು. ಬಾವಿ ಕೆಂಪಗೇ ಇತ್ತು.

ತಪಾಸಣೆಗೆ ಶೆಡ್ಡಿಗೆ ಬಂದ ಆಫೀಸರು ನೀರು ನೋಡಿ ಹುಬ್ಬು ಗಂಟಿಕ್ಕಿದರು.

"ಕಾರಣ ಗೊತ್ತೈತೆ ಸಾರ್," ಎಂದರು ಸಾಹುಕಾರರು. "ಈ ಕೇರಿಯೋರು ಅಲ್ಲೇ ಓಡಾಡ್ತಾರೆ. ಪೂಜೆ ಆದ ವಸ್ತು. ಮೈಲಿಗೆ ಆಗೈತೆ."

ಆಫೀಸರು ವಿಜ್ಞಾನ ಓದಿದವರು. ಸಾಹುಕಾರರ ಮನೆಯ ಹೋಳಿಗೆ ಮುರಿಯುತ್ತಾ, "ಇರಬಹುದು," ಎಂದರು.

ಮೊಣಕೈವರೆಗೂ ಕೆಂಪಾಗಿದ್ದ ಲಕ್ಷ್ಮಕ್ಕ ತೊಟ್ಟಿ ಬಿಟ್ಟು ಎದ್ದಳು.

"ನಾನು ಅದ್ದಿದ ನೂಲಿನ ಸೀರೆ ಉಟ್ಕಂಡು ನಿಮ್ಮನೆಯೋರು ಗುಡಿಗೆ ಹೋದ್ರೆ ಮಡಿ. ನಾನು ದೀಪದ ಹತ್ರ ಸುಳಿದ್ರೆ ಮೈಲಿಗೇನ್ರಿ?"

ಸ್ವಿಚ್ ಆರಿಸಿ, ಕೊಳವೆ ಹೊರಗೆಳೆದು, ಸೆರಗಿನಿಂದ ಗಸಗಸ ತಿಕ್ಕತೊಡಗಿದಳು.

"ನಾಳೆಯಿಂದ ನಿಂಗೆ ಕೆಲ್ಸ ಇಲ್ಲ ಕಣೇ," ಎಂದರು ಸಾಹುಕಾರರು.

"ಬ್ಯಾಡ ಬಿಡ್ರಿ. ನನ್ ಮೊಮ್ಮಗಳು ಮೈಗೆ ಒಳ್ಳೆ ನೀರು ಹಾಕ್ಕಬೇಕು."

ಪಕ್ಕದ ತೊಟ್ಟಿಯಲ್ಲಿ ನೂಲು ಅದ್ದುತ್ತಿದ್ದ ಹುಚ್ಚಕ್ಕ ಹೋಗಿ ಕೊಳವೆಯ ಇನ್ನೊಂದು ತುದಿ ಹಿಡಿದಳು. ತೊಟ್ಟಿಗಳಿಗೆ ಬೆಂಕಿ ಹಾಕುವ ಚಿನ್ನಯ್ಯ ಒಲೆಯ ಸೌದೆ ಹೊರಗೆಳೆದ. ನಾನೂ ತೊಟ್ಟಿಯಲ್ಲಿದ್ದ ನೂಲಿನ ಲಡಿಗಳನ್ನು ಹಾಗೇ ಬಿಟ್ಟು ಬಂದೆ. ಬಿಸಿ ಬಣ್ಣದಲ್ಲಿ ತಿರುಗಿಸದೆ ಬಿಟ್ಟ ರೇಷ್ಮೆ ಮಚ್ಚೆ ಮಚ್ಚೆಯಾಗುತ್ತದೆ, ಆಮೇಲೆ ಯಾವ ಮಗ್ಗಕ್ಕೂ ಬರುವುದಿಲ್ಲ.

"ಲೇ, ನೂಲು ಕೆಡ್ತೈತೆ, ತಿರುಗಿಸ್ರಲೇ," ಎಂದು ಸಾಹುಕಾರರು ತೊಟ್ಟಿಯಿಂದ ತೊಟ್ಟಿಗೆ ಓಡಿದರು.

"ಕೈ ಹಾಕ್ರಿ ಸಾಹುಕಾರ್ರೇ, ನೀವೇ ತಿರುಗಿಸ್ರಿ," ಎಂದಳು ಹುಚ್ಚಕ್ಕ, ಗಾಜು ಒರೆಸುತ್ತಲೇ.

ಅವರು ತಮ್ಮ ಬಿಳಿ ಕೈಗಳನ್ನು ನೋಡಿಕೊಂಡರು. ತೊಟ್ಟಿಯ ಕಡೆಗೆ ನಮ್ಮಲ್ಲಿ ಒಬ್ಬರೂ ಕದಲಲಿಲ್ಲ.