ಒತ್ತಿ ತೆಗೆದ ಅಳತೆ

"ಉಸಿರು ಪೂರ್ತಿ ಬಿಡಿ ಅಕ್ಕ. ಈಗ ಹೊಕ್ಕುಳ ಕೆಳಗೆ ಮೆಲ್ಲಗೆ ಒಳಗೆ ಎಳ್ಕೊಳ್ಳಿ."

ಅಲ್ಟ್ರಾಸೌಂಡ್ ಯಂತ್ರದ ಹಿಡಿಯನ್ನು ಆಸ್ಪತ್ರೆಯ ಆಯಾಳ ಹೊಟ್ಟೆಯ ಮೇಲಿಟ್ಟು ಫಿಸಿಯೋಥೆರಪಿಸ್ಟ್ ಹೇಳಿದಳು. ಆಯಾ ಕಣ್ಣು ಮುಚ್ಚಿ ಎಳೆದುಕೊಂಡಳು. ತೆರೆಯ ಮೇಲೆ ಬಿಳಿ ಗೆರೆಗಳ ನಡುವೆ ಮೂರು ಕಪ್ಪು ಪಟ್ಟಿಗಳು, ಹೊಟ್ಟೆಯ ಮೂರು ಪದರ ಸ್ನಾಯು. ಎಲ್ಲಕ್ಕಿಂತ ಒಳಗಿನದು, ಸೊಂಟಕ್ಕೆ ಆಸರೆಯಾಗುವ ತೆಳು ಪಟ್ಟಿ, ದಪ್ಪವಾಗಬೇಕಿತ್ತು. ಆಗಲಿಲ್ಲ.

ಆರು ವಾರದ ಹಿಂದೆ ಸೊಂಟನೋವೆಂದು ಬಂದಾಗಲೂ ಹೀಗೇ ಆಗಿತ್ತು. ಫಿಸಿಯೋಥೆರಪಿಸ್ಟ್ ಅವತ್ತು ಬರೆದ ವರದಿಯ ಮೇಲೆಯೇ ಆಯಾಳನ್ನು ವಾರ್ಡಿನಿಂದ ತೆಗೆದು ಬಟ್ಟೆ ಕೊಡುವ ಕೌಂಟರಿನಲ್ಲಿ ಕೂರಿಸಿದ್ದರು. ಇವತ್ತೂ ಹೀಗಾದರೆ ಅಲ್ಲೇ ಕಾಯಂ.

"ಏನಂತೆ ನನ್ನ ಹೊಟ್ಟೆ?"

"ಸೋಮಾರಿ ಆಗಿದೆ."

"ಇಪ್ಪತ್ತೆರಡು ವರ್ಷ ರೋಗಿಗಳನ್ನ ಎತ್ತಿದ ಹೊಟ್ಟೆ ಮೇಡಂ, ಸೋಮಾರಿಯಂತೆ! ನೀವು ಹೇಳಿಕೊಟ್ಟಿದ್ದು ದಿನಾ ಮಾಡಿದೀನಿ. ಗೋಡೆ ನೋಡ್ಕೊಂಡು ಏನೇ ಉಸ್ಸಪ್ಪಾ ಅಂತೀಯ ಅಂತಾರೆ ನಮ್ಮತ್ತೆ." ನಗು ಬೇಗ ನಿಂತಿತು. "ದಿಂಬಿನ ಕವರ್ ಮಡಚ್ತಾ ಕೂತ್ರೆ ನಾನು ಉಳಿಯಲ್ಲ."

"ಇನ್ನೊಂದು ಸಲ ನೋಡೋಣ."

"ನೋಡಿ. ಆದ್ರೆ ಸ್ವಲ್ಪ ಹಗುರ ಹಿಡೀರಿ. ಹೋದ ಸಲ ಒತ್ತಿದ ಗುರುತು ಸಂಜೆವರೆಗೂ ಹೋಗ್ಲಿಲ್ಲ."

ಫಿಸಿಯೋಥೆರಪಿಸ್ಟ್ ತನ್ನ ಕೈ ನೋಡಿಕೊಂಡಳು. ಹೆಬ್ಬೆರಳಿನ ಉಗುರು ಬೆಳ್ಳಗಾಗಿತ್ತು. ಚಿತ್ರ ಚೊಕ್ಕವಾಗಿ ಬರಲೆಂದು ಒತ್ತುವುದು ಯಾವಾಗಲೋ ರೂಢಿಯಾಗಿಬಿಟ್ಟಿತ್ತು. ಒತ್ತಿದರೆ ಸ್ನಾಯು ಚಪ್ಪಟೆಯಾಗುತ್ತದೆ, ಉಬ್ಬಲು ಜಾಗ ಇರುವುದಿಲ್ಲ. ಕಲಿಯಲು ಬಂದವರಿಗೆ ಮೊದಲ ದಿನ ಅವಳೇ ಹೇಳುವ ಮಾತು.

ಇನ್ನಷ್ಟು ಜೆಲ್ ಹಾಕಿ, ತಾಕಿಯೂ ತಾಕದ ಹಾಗೆ ಹಿಡಿದಳು. ಆಯಾ ಉಸಿರು ಬಿಟ್ಟು ಎಳೆದುಕೊಂಡಳು. ಒಳಗಿನ ಪಟ್ಟಿ ನಿಧಾನವಾಗಿ ಉಬ್ಬಿತು. ಮೂರು ಸಲ ಅಳೆದಳು. ಮೂರು ಸಲವೂ ಸಡಿಲ ಇದ್ದಾಗಿನ ಹೆಚ್ಚುಕಡಿಮೆ ಒಂದೂವರೆ ಪಟ್ಟು ದಪ್ಪ.

"ಸರಿ ಇದೆ ಅಕ್ಕ. ವಾರ್ಡಿಗೆ ಹೋಗಬಹುದು."

"ಅಬ್ಬಾ! ಹಾಗಾದ್ರೆ ಹೋದ ಸಲ?"

ವ್ಯಾಯಾಮದಿಂದ ಸುಧಾರಿಸಿತು ಎಂದು ಬರೆದರೆ ಮುಗಿಯುತ್ತಿತ್ತು. ಯಾರೂ ಕೇಳುತ್ತಿರಲಿಲ್ಲ.

"ಆಗ್ಲೂ ಸರಿ ಇತ್ತೋ ಏನೋ. ನಾನು ಒತ್ತಿ ಹಿಡಿದಿದ್ದೆ. ಆ ಅಳತೆ ನಂಬೋ ಹಾಗಿಲ್ಲ."

ಆಯಾ ಎದ್ದು ಕೂತು ಜೆಲ್ ಒರೆಸಿಕೊಂಡಳು. ಫಿಸಿಯೋಥೆರಪಿಸ್ಟ್ ಹಳೆಯ ವರದಿ ತೆಗೆದು, ಅಂಕಿಗಳು ಕಾಣುವಂತೆಯೇ ಅವುಗಳ ಮೇಲೆ ಒಂದು ಗೆರೆ ಎಳೆದು, ಪಕ್ಕದಲ್ಲಿ ಕಾರಣ ಬರೆದು ಸಹಿ ಹಾಕಿದಳು.

"ದೊಡ್ಡ ಡಾಕ್ಟ್ರು ಬೈತಾರಾ?"

"ಬೈಬಹುದು."

"ಬೈಲಿ ಬಿಡಿ. ಆರು ವಾರ ನಾನೂ ಬೈಕೊಂಡಿದೀನಿ, ಯಂತ್ರಾನ. ಪಾಪ, ಅದರದ್ದೇನೂ ತಪ್ಪಿರಲಿಲ್ಲ."

ಬಾಗಿಲಲ್ಲಿ ಮುಂದಿನ ಸರದಿಯ ಮುದುಕರೊಬ್ಬರು ಗಾಲಿಕುರ್ಚಿಯಲ್ಲಿ ಕಾಯುತ್ತಿದ್ದರು. ಆಯಾ ಯಾರನ್ನೂ ಕೇಳದೆ ಅವರ ಮುಂದೆ ಬಾಗಿದಳು. "ನನ್ನ ಕುತ್ತಿಗೆಗೆ ಕೈ ಹಾಕಿ ತಾತ. ಗಟ್ಟಿಯಾಗಿ." ಎತ್ತಿ ಮಂಚದ ಮೇಲೆ ಕೂರಿಸಿದಳು. ಮುದುಕರ ಒಂದು ಚಪ್ಪಲಿ ಕುರ್ಚಿಯ ಪಾದದ ಹಲಗೆಯ ಮೇಲೇ ಉಳಿದಿತ್ತು.