ಗಾಜಿಗೆ ಒಡೆದ ಕಾಯಿ

ಬೇಲೆಕೇರಿಯ ಗುಡ್ಡದ ತುದಿಯಲ್ಲಿ, ಸಮುದ್ರದ ಬಂಡೆಗಳ ಮೇಲಕ್ಕೆ ಚಾಚಿಕೊಳ್ಳುವ ಹಾಗೆ ನಾಗಪತಿ ಭಟ್ಟರು ತಮ್ಮ ರೆಸಾರ್ಟಿಗೊಂದು ಗಾಜಿನ ನೆಲದ ಅಟ್ಟಣೆ ಕಟ್ಟಿಸಿದ್ದರು. ಗಾಜು ಕೂರಿಸಿದವನು ಅಂಕೋಲೆಯ ಶಾಂತಾರಾಮ. ಕಾಯಿ ಒಡೆಯದೆ ಹೊಸ ಕೆಲಸದ ಮೇಲೆ ಯಾರಿಗೂ ಕಾಲಿಡಲು ಬಿಡುವವನಲ್ಲ. ಬೆಳಿಗ್ಗೆ ಪೂಜೆ ಮುಗಿದಾಗ ಕೈಗೊಂದು ಕಲ್ಲು ಸಿಗಲಿಲ್ಲ. ಮರಳಲ್ಲಿಟ್ಟಿದ್ದ ಕಾಯಿ ಎತ್ತಿ ಗಾಜಿನ ಮೂಲೆಗೇ ಅಪ್ಪಳಿಸಿದ.

"ನನ್ನ ಗಾಜು. ಆನೆ ನಿಂತ್ರೂ ಅಲ್ಲಾಡೂದಿಲ್ಲ."

ಕಾಯಿ ಎರಡು ಹೋಳಾಯಿತು. ಜನ ಚಪ್ಪಾಳೆ ತಟ್ಟಿದರು.

ಭಟ್ಟರ ಮಗಳು ಚೈತ್ರಾ ಮಧ್ಯಾಹ್ನದ ಬಸ್ಸಿಗೆ ಬಂದಳು. ಕಂಪ್ಯೂಟರಿನಲ್ಲಿ ಗಾಜಿನ ಒಳರಚನೆ ಅಭ್ಯಾಸ ಮಾಡುವ ಹುಡುಗಿ. ಪೂಜೆಯ ವಿಡಿಯೋ ನೋಡಿದ್ದೇ ಶಾಂತಾರಾಮನನ್ನು ಜಗಲಿಗೆ ಕರೆದು ಲ್ಯಾಪ್‌ಟಾಪ್ ತೆರೆದಳು. ಪರದೆಯ ತುಂಬ ಸಾಸಿವೆಯಂಥ ಗುಂಡುಗಳು ಒಂದನ್ನೊಂದು ಹಿಡಿದುಕೊಂಡು ನಡುಗುತ್ತಿದ್ದವು.

"ಮಾಮಾ, ಇವು ಗಾಜಿನ ಪರಮಾಣು. ಸಂತೆ ಜನರ ಹಾಗೆ ಸಾಲಿಲ್ಲ, ಸರತಿಯಿಲ್ಲ. ಆದ್ರೂ ಬೇಕಾದಷ್ಟು ಕೈ ಹಿಡ್ಕಂಡಿದ್ದಕ್ಕೆ ಗಟ್ಟಿ. ಒಂದು ಗೀರು ಬಿದ್ರೆ ಅದ್ರ ತುದಿಗೆ ನೀರಿನ ಪಸೆ ಇಳೀತದೆ. ಮೇಲಿಂದ ಭಾರ ಬಿದ್ದಾಗ ಒಂದೊಂದೇ ಕೈ ಬಿಡಿಸ್ತದೆ. ನೋಡಿ."

ಪರದೆಯ ಮೇಲೆ ಗೀರಿನ ತುದಿಯಲ್ಲಿ ಒಂದು ಕೈ ಬಿಟ್ಟಿತು. ಸ್ವಲ್ಪ ತಡೆದು ಪಕ್ಕದ್ದೂ ಬಿಟ್ಟಿತು.

"ಮಕ್ಕಳ ಆಟ ಇದು."

"ಆಟ ಅಲ್ಲ, ಲೆಕ್ಕ."

"ಹಾಗಾದ್ರೆ ಒಡೆಯೂದು ಯಾವಾಗ, ಹೇಳು ಕಾಣುವ."

"ಅದೇ ಗೊತ್ತಾಗೂದಿಲ್ಲ. ಮರದ ಹಾಗೆ ಕಿರುಗುಟ್ಟೂದಿಲ್ಲ, ಕಬ್ಬಿಣದ ಹಾಗೆ ಬಗ್ಗೂದಿಲ್ಲ. ಕಡೇ ಗಳಿಗೆವರೆಗೂ ಹೊಸದರ ಹಾಗೇ ಕಾಣ್ತದೆ."

ಶಾಂತಾರಾಮ ಬೈದುಕೊಂಡೇ ಎದ್ದ. ಆದರೆ ನೇರ ಹೋಗಿ ಕಾಯಿ ಒಡೆದ ಮೂಲೆಯಲ್ಲಿ ಮಂಡಿಯೂರಿ ಹೆಬ್ಬೆರಳಿನ ಉಗುರು ಎಳೆದ. ಉಗುರು ಸಿಕ್ಕಿಕೊಂಡಿತು. ಅಕ್ಕಿಕಾಳಿನಷ್ಟು ಉದ್ದದ ಗೀರು. ಕಾಯಿಗೆ ಅಂಟಿದ ಮರಳಿನದೇ.

ಗಾಜಿನ ನಡುವೆ ಅವನ ಹೆಂಡತಿ ಮಂದಾಕಿನಿ, ಮಗಳು ದೀಕ್ಷಾ, ಹತ್ತಾರು ಜನ ಫೋಟೋಕ್ಕೆ ನಿಂತಿದ್ದರು.

"ಇಳೀರಿ ಎಲ್ಲ! ಕತ್ತೆಗಳ್ರಾ, ಇಳೀರಿ ಅಂದೆ!"

ಜನ ನಕ್ಕರು. "ಬೆಳಿಗ್ಗಿಂದ ಬೈಲೇ ಇಲ್ಲ, ಜ್ವರ ಬಂತೇನೋ ಅಂತ ಮಾಡಿದ್ದೆ," ಎಂದಳು ಮಂದಾಕಿನಿ. ಅವನ ಕೂಗು ಕೇಳಿ ಕೇಳಿ ಎಲ್ಲರ ಕಿವಿ ದಡ್ಡುಗಟ್ಟಿತ್ತು. ಯಾರೂ ಕದಲಲಿಲ್ಲ.

ಶಾಂತಾರಾಮನ ದನಿ ಇಳಿಯಿತು. "ಮಂದಾ, ನಿನ್ನ ಕಾಲಿಗೆ ಬೀಳ್ತೇನೆ. ಮಗಳನ್ನ ಕರ್ಕಂಡು ಮೆಲ್ಲಗೆ ಬಾ."

ಮಂದಾಕಿನಿಯ ನಗು ಇಂಗಿತು. ಇಷ್ಟು ವರ್ಷದಲ್ಲಿ ಆ ದನಿಯನ್ನು ಅವಳು ಕೇಳಿರಲಿಲ್ಲ. ಮಗಳ ಕೈ ಹಿಡಿದು ಹೊರಟಳು. ಅವಳ ಮುಖ ನೋಡಿ ಉಳಿದವರೂ ಹಿಂದೆಯೇ ಇಳಿದರು.

ಭಟ್ಟರು ಕೆಂಪಗಾಗಿ ಬಂದರು. "ಎಂತದೋ ಇದು? ಆನೆ ನಿಲ್ತದೆ ಅಂದವ ನೀನೇ ಅಲ್ದಾ?" ಎಂದವರೇ ಗಾಜಿನ ನಡುವೆ ಹೋಗಿ ಕಾಲು ಎತ್ತಿ ಎತ್ತಿ ಕುಟ್ಟಿದರು. "ನೋಡು. ಎಂತ ಆಯ್ತು?"

"ಅಪ್ಪಯ್ಯಾ, ಈಚೆ ಬಾ," ಎಂದಳು ಚೈತ್ರಾ.

ಗಾಜು ಸದ್ದು ಮಾಡಲಿಲ್ಲ. ಕೆಳಗೆ ಬಂಡೆಗಳ ನಡುವೆ ನೊರೆ ಏರಿ ಇಳಿಯುತ್ತಿತ್ತು. ಶಾಂತಾರಾಮ ಮತ್ತೆ ಬಗ್ಗಿ ಗೀರಿಗೆ ಉಗುರಿಟ್ಟು, ಆಗ ಅದು ಮುಗಿದಿದ್ದಲ್ಲಿಗೆ ಎಳೆದ. ಮುಂದಕ್ಕೆ ಎಳೆದ, ಇನ್ನೂ ಮುಂದಕ್ಕೆ, ಭಟ್ಟರ ಪಾದದ ಕಡೆಗೆ. ಅವನ ತೋಳು ಮುಗಿಯಿತು. ಗೀರು ಮುಗಿಯಲಿಲ್ಲ.